ಒಣಗಲು ನಾಲ್ಕು ಗಂಟೆ

ಒಂದು ಇರುವೆ ಒದ್ದೆ ಬಣ್ಣದ ಅಂಚಿನವರೆಗೂ ಬಂತು, ಮೀಸೆ ಆಡಿಸಿ ನೋಡಿತು, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಕ್ಕೆ ಹೊರಟಿತು, ಅದಕ್ಕಿರುವಷ್ಟು ಬುದ್ಧಿಯೂ ತನಗಿಲ್ಲದೆ ಹೋಯಿತಲ್ಲ ಎಂದುಕೊಂಡ ಅವನು, ಮೂಲೆಯಲ್ಲಿ, ಕಿಟಕಿಯ ಪಕ್ಕ, ಉದ್ದ ಕೋಲಿನ ರೋಲರ್ ಹಿಡಿದು, ಎರಡಡಿ ಅಗಲ ಮೂರಡಿ ಉದ್ದದ ಒಣ ನೆಲದ ಮೇಲೆ — ಅಲ್ಲಿಂದಾಚೆ, ಎದುರು ಗೋಡೆಯ ಬಾಗಿಲವರೆಗೂ, ತಿಳಿ ಬೂದು ಬಣ್ಣ ಕೆನೆ ಕಟ್ಟಿದ ಹಾಗೆ ಹರಡಿಕೊಂಡಿದೆ, ಒಂದು ಗುಳ್ಳೆಯಿಲ್ಲ, ಬ್ರಷ್ಷಿನಿಂದ ಉದುರಿದ ಒಂದು ಕೂದಲಿಲ್ಲ, ಕಸುಬಿನವರ ಕೈಲೂ ಇಷ್ಟು ಚೆನ್ನಾಗಿ ಆಗುವುದಿಲ್ಲ, ಆದರೆ ಶುರುಮಾಡಿದ್ದು ಬಾಗಿಲಿಂದ. ಬಾಗಿಲಿಂದ! ನೆಲಕ್ಕೆ ಬಣ್ಣ ಹೊಡೆಯುವವನು ದೂರದ ಮೂಲೆ ಹಿಡಿದು ಬಾಗಿಲಿಗೆ ಬಂದು ಮುಗಿಸಬೇಕು ಎನ್ನುವುದು ಎಳೆ ಮಗುವಿಗೂ ಗೊತ್ತು, ಪಕ್ಕದ ಮನೆಯ ಮೇಷ್ಟ್ರಿಗೆ ಹೋದ ವರ್ಷ ಅವನೇ ಬೇಲಿಯಾಚೆಯಿಂದ ಕೂಗಿ ಹೇಳಿದ್ದ, ಸಾರ್, ಮೂಲೆಯಿಂದ ಬನ್ನಿ, ಇಲ್ಲಾಂದ್ರೆ ನಿಮಗೆ ಊಟ ಕಿಟಕಿಯಿಂದ ಕೊಡ್ಬೇಕಾಗತ್ತೆ, ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕಿದ್ದರು, ಈಗ ಕಂಡರೆ ಇನ್ನೂ ಚೆನ್ನಾಗಿ ನಗುತ್ತಾರೆ. ಗೊತ್ತಿಲ್ಲದೆ ಆದದ್ದಲ್ಲ, ಬೆಳಿಗ್ಗೆ ಡಬ್ಬಿಯ ಮುಚ್ಚಳ ಎಬ್ಬಿಸಿ ಕಡ್ಡಿಯಲ್ಲಿ ಕಲಕುತ್ತಿರುವಾಗ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು, ನಿಂತಳು ಅಷ್ಟೆ, ಏನೋ ಕೇಳಿಸಿಕೊಳ್ಳಲು ಬಂದವಳ ಹಾಗೆ, ಆ ನಿಲ್ಲುವಿಕೆಯನ್ನು ಅವನು ತಡೆಯಲಾರದೆ ಹೋದ, ರೋಲರ್ ಅದ್ದಿ ಹೊಸ್ತಿಲ ಉದ್ದಕ್ಕೂ ಒಂದು ಪಟ್ಟಿ ಎಳೆದುಬಿಟ್ಟ, ಅವಳ ಕಾಲಬೆರಳಿನಿಂದ ಒಂದು ಗೇಣು ದೂರಕ್ಕೆ, ಅವಳು ಹೋದಳು, ಇವನು ಪಟ್ಟಿಯ ಪಕ್ಕ ಪಟ್ಟಿ ಎಳೆಯುತ್ತಾ ಹಿಂದೆ ಹಿಂದೆ ಸರಿದ, ಬೆನ್ನು ಗೋಡೆಗೆ ತಾಗಿದಾಗಲೇ ಎಚ್ಚರ. ಡಬ್ಬಿಯ ಮೇಲೆ ಬರೆದಿದೆ, ಬರಿಗಾಲಲ್ಲಿ ನಡೆಯಲು ನಾಲ್ಕು ಗಂಟೆ, ಸಾಮಾನು ಇಡಲು ಒಂದು ದಿನ. ಈಗ ಹತ್ತೂವರೆ. ಅವಳು ಗೊತ್ತುಮಾಡಿದ ಬಾಡಿಗೆ ಕಾರು ಹನ್ನೊಂದಕ್ಕೆ, ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತ್ತು, ಹೌದು, ಒಬ್ಬಳೇ, ಒಂದೇ ಸೂಟ್‌ಕೇಸು, ಇಲ್ಲ, ವಾಪಸ್ ಬರೋದು ಬೇಡ.

ಕಿಟಕಿಯಿಂದ ಇಳಿಯೋಣವೆಂದರೆ ಗ್ರಿಲ್, ಅದನ್ನು ಕೂಡಿಸಿದವನೂ ಅವನೇ, ಹನ್ನೆರಡು ಬೋಲ್ಟು, ಎಲ್ಲ ಹೊರಗಿನಿಂದ ಬಿಗಿದದ್ದು, ಮಾಡಿದ್ದುಣ್ಣೋ ಮಹರಾಯ — ಗ್ರಿಲ್ಲಿನ ಸಂದಿಯಿಂದ ಹಿತ್ತಲು ಕಾಣುತ್ತದೆ, ಬಳ್ಳಿ ಹಬ್ಬಿಸಿದ ಕಮಾನು, ಕಲ್ಲು ಜೋಡಿಸಿದ ಪುಟ್ಟ ಕೊಳ, ಹಳೇ ಬಾಗಿಲಿನ ಹಲಗೆಯಿಂದ ಮಾಡಿದ ಬೆಂಚು, ಹಕ್ಕಿಗಳಿಗೆ ಕಾಳಿಡಲು ಕೊಡೆಯಂಥ ಸೂರಿನ ತಟ್ಟೆ, ಬಂದವರೆಲ್ಲ ಎಷ್ಟು ಚೆಂದ ಇಟ್ಕೊಂಡಿದೀರಿ ಅನ್ನುತ್ತಾರೆ, ಪ್ರತಿಯೊಂದೂ ಒಂದೊಂದು ಜಗಳ ಎಂದು ಬಂದವರಿಗೆ ಗೊತ್ತಿಲ್ಲ. ಬೆಂಚು ಅವಳ ಹುಟ್ಟುಹಬ್ಬ ಮರೆತದ್ದಕ್ಕೆ. ಕೊಳ, ಅವಳ ತಂಗಿಯ ಗಂಡನನ್ನು ಎಲ್ಲರೆದುರು ಬಾಯಿಗೆ ಬಂದ ಹಾಗೆ ಅಂದದ್ದಕ್ಕೆ. ಕಮಾನು ಯಾವುದಕ್ಕೆ, ಕಮಾನು, ಹ್ಞಾ, ಲೈಬ್ರರಿಯಲ್ಲಿ ಅವಳಿಗೆ ಬಡ್ತಿ ಬಂದ ದಿನ ಅದರಲ್ಲೇನಿದೆ ಅಂದಿದ್ದಕ್ಕೆ, ಮಾತು ಆಡಿದರೆ ಹೋಯಿತು, ಕಮಾನಿಗೆ ಎರಡು ವಾರ ಹಿಡಿಯಿತು. ತಪ್ಪಾಯ್ತು ಅನ್ನುವುದು ಅವನ ಬಾಯಲ್ಲಿ ಬರುವುದಿಲ್ಲ, ಕೈಯಲ್ಲಿ ಬರುತ್ತದೆ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಿರಾಕಿಗೆ ತಲೆಸುತ್ತು ಬರುವ ಕೆಲಸ, ಅಲ್ಲಿ ಬಾಯಿಗೆ ಏನು ಕೆಲಸ. ಬೀದಿಯವರು ಇಟ್ಟ ಅಡ್ಡಹೆಸರು ರಸಮಟ್ಟ, ಹಲಗೆ ಸಮವಾಗಿದೆಯೋ ಇಲ್ಲವೋ ಎಂದು ಗುಳ್ಳೆ ತೋರಿಸಿ ಹೇಳುವ ಆ ಹಳದಿ ಪಟ್ಟಿ ಸದಾ ಅವನ ಜೇಬಲ್ಲಿ ಇಣುಕುತ್ತಿರುತ್ತದೆ, ರಸಮಟ್ಟ ಬಂದ್ರು, ಎಲ್ಲ ನೆಟ್ಟಗೆ ನಿಂತ್ಕೊಳ್ಳಿ, ಎನ್ನುತ್ತಾರೆ ಮೇಷ್ಟ್ರು. ಅವಳಿಗೂ ಈ ಪದ್ಧತಿ ಒಗ್ಗಿಹೋಗಿತ್ತು, ಇವನು ಏನೋ ಒಂದು ಮಾಡಿ ಮುಗಿಸುವುದು, ಅವಳು ಎರಡು ದಿನ ಅದರ ಪಕ್ಕದಲ್ಲೇ ಓಡಾಡಿದರೂ ಕಣ್ಣೆತ್ತಿ ನೋಡದಿರುವುದು, ಮೂರನೇ ದಿನ ಟೀ ಲೋಟ ಹಿಡಿದು ಬೆಂಚಿನ ಮೇಲೆ ಹೋಗಿ ಕೂರುವುದು, ಕೂತಳು ಎಂದರೆ ಮುಗಿಯಿತು, ರಾಜಿ, ಇಬ್ಬರೂ ಒಂದು ಮಾತೂ ಆಡುವುದಿಲ್ಲ, ಇಪ್ಪತ್ತೆರಡು ವರ್ಷ ಸಂಸಾರ ಹೀಗೇ ನಡೆಯಿತು, ಕೆಟ್ಟದಾಗೇನೂ ನಡೆಯಲಿಲ್ಲ.

ಇಳಿಜಾರೊಂದನ್ನು ಬಿಟ್ಟು. ಮುಂಬಾಗಿಲ ಮೆಟ್ಟಿಲ ಪಕ್ಕದ ಸಿಮೆಂಟಿನ ಇಳಿಜಾರು, ಅತ್ತೆಗೆಂದು ಮಾಡಿದ್ದು, ಅವಳಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ಇನ್ನು ಗಾಲಿಕುರ್ಚಿಯೇ ಗತಿ ಅಂದಿದ್ದರು ಡಾಕ್ಟರು, ಅವನು ಅವತ್ತೇ ಸಂಜೆ ಗಾರೆ ಕಲಸಿದ, ಹನ್ನೆರಡು ಅಡಿಗೆ ಒಂದಡಿ ಏರು, ಅಂಚಿಗೆ ಮೂರಂಗುಲ ಎತ್ತರದ ದಿಂಡು, ಗಾಲಿ ಜಾರಬಾರದೆಂದು ಪೊರಕೆಯಲ್ಲಿ ಎಳೆದ ಗೀರು. ಆಸ್ಪತ್ರೆಯಿಂದ ಅವಳ ಫೋನು, ಬರ್ತೀರಾ, ಸ್ವಲ್ಪ ಹೊತ್ತು ಜೊತೆಗೆ ಕೂತಿದ್ರೆ ಸಾಕು, ಬರ್ತೀನಿ, ಅಂದ ಇವನು, ಇದಕ್ಕೆ ನೀರು ಹಾಕ್ತಾ ಇರ್ಬೇಕು, ಬಿರುಕು ಬಿಡತ್ತೆ. ಮಾರನೇ ದಿನ ಮತ್ತೆ, ಅಮ್ಮ ನಿಮ್ಮನ್ನ ಕೇಳ್ತಿದಾರೆ, ಇನ್ನೆರಡೇ ದಿನ, ಅಂದ ಇವನು, ದಿಂಡಿಗೆ ಕೊನೇ ಕೋಟು ಇದೆ, ಅಮ್ಮ ಬರೋ ಹೊತ್ತಿಗೆ ಆಗ್ಬೇಕಲ್ಲ. ಮೂರನೇ ದಿನ ಫೋನು ಬರಲಿಲ್ಲ, ಅವನು ರಸಮಟ್ಟದ ಗುಳ್ಳೆ ನೋಡುತ್ತಾ ಕೂತಿದ್ದ, ಗುಳ್ಳೆ ಹೇಗಿರಬೇಕೋ ಹಾಗೇ ಇತ್ತು, ಕೊನೆಗೆ ಫೋನು ಮಾಡಿದ್ದು ನರ್ಸು, ಅತ್ತೆ ಹೋಗಿ ಅರ್ಧ ಗಂಟೆಯಾಗಿತ್ತು, ಇವನು ಓಡಿದಾಗ ಹೆಂಡತಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋಡೆಗೆ ಒರಗದೆ, ಕೂರದೆ, ನಿಂತಿದ್ದಳು, ಕುರ್ಚಿ ಖಾಲಿ ಇದ್ದವು, ಅವಳು ನಿಂತೇ ಇದ್ದಳು. ಅದಾಗಿ ಒಂಬತ್ತು ವಾರ, ಒಂದು ಸಲವೂ ಆ ಇಳಿಜಾರಿನ ಮೇಲೆ ಕಾಲಿಟ್ಟಿಲ್ಲ ಅವಳು, ತರಕಾರಿ ಚೀಲ ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಾಳೆ, ಬರುವಾಗಲೂ ಹೋಗುವಾಗಲೂ ಮೆಟ್ಟಿಲೇ. ಇಳಿಜಾರು ಸಾಲದೆಂದು ಅವನಿಗೆ ಅನ್ನಿಸಿತು, ಇನ್ನೂ ದೊಡ್ಡದೇನಾದರೂ ಮಾಡಬೇಕು, ಈ ಕೋಣೆ ಅತ್ತೆಯದು, ಇದನ್ನೇ ಅವಳಿಗೆ ಓದುವ ಕೋಣೆ ಮಾಡಿಬಿಟ್ಟರೆ, ಗೋಡೆಗೆ ಕಪಾಟು, ಕಿಟಕಿಗೆ ಕುಂಡ, ನೆಲಕ್ಕೆ ಬಣ್ಣ, ನಿನ್ನೆ ಅಂಗಡಿಗೆ ರಜೆ ಹಾಕಿ ಅವಳು ಲೈಬ್ರರಿಗೆ ಹೋದ ಕೂಡಲೇ ಅತ್ತೆಯ ಮಂಚ ಬಿಚ್ಚಿದ, ಪೆಟ್ಟಿಗೆ, ಚಪ್ಪಲಿ, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಸ್ವೆಟರು, ಎಲ್ಲ ಶೆಡ್ಡಿಗೆ, ಜೋಪಾನವಾಗಿಯೇ, ಪ್ಲಾಸ್ಟಿಕ್ ಹೊದಿಸಿ. ಸಂಜೆ ಅವಳು ಬಂದು ಖಾಲಿ ಕೋಣೆ ನೋಡಿದಳು. ಮೊಳೆ ನೋಡಿದಳು. ಕೂಗಾಡಿದ್ದರೆ ಒಳ್ಳೆಯದಿತ್ತು, ಕೂಗಾಡಲಿಲ್ಲ, ಸ್ವೆಟರ್ ತೊಳೀದೆ ಇಟ್ಟಿದ್ದೆ ನಾನು, ಬೇಕಂತಲೇ, ಎಂದಷ್ಟೇ ಹೇಳಿ ಅಟ್ಟದಿಂದ ಸೂಟ್‌ಕೇಸು ಇಳಿಸಿದಳು, ಇವನು ಏಣಿ ಹಿಡಿದುಕೊಂಡ, ಅದೂ ಒಂದು ಸಹಾಯ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ಅವನಿಗೆ ಬಂದದ್ದು ಬುದ್ಧಿಯಲ್ಲ, ಬಣ್ಣ ಹೊಡೆಯುವ ಆತುರ, ಕೋಣೆ ಮುಗಿದದ್ದನ್ನು ಒಮ್ಮೆ ನೋಡಿಬಿಟ್ಟರೆ ಸಾಕು, ಸೂಟ್‌ಕೇಸು ತಾನಾಗಿ ಅಟ್ಟಕ್ಕೆ ಹೋಗುತ್ತದೆ ಎಂದು ನಿಜವಾಗಿಯೂ ನಂಬಿದ್ದ.

ಬಾಗಿಲಲ್ಲಿ ಅವಳು. ಮನೆಯಲ್ಲಿ ಉಡುವ ಸೀರೆಯಲ್ಲ, ಲೈಬ್ರರಿಗೆ ಉಡುವ ನೀಲಿ, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಮನೆಯ ಕೀಗೊಂಚಲು, ಇದನ್ನ ಎಲ್ಲಿಡ್ಲಿ, ಎಂದಳು, ನಿನ್ನೆಯಿಂದ ಇದು ಮೊದಲ ಮಾತು, ಇದೇ ಸಮಯ, ಏನಾದರೂ ಹೇಳು, ಹೇಳಬೇಕಾದ್ದು ಗಂಟಲಲ್ಲಿ ತಯಾರಾಗಿ ಕೂತಿತ್ತು, ಬಾಯಿಂದ ಬಂದದ್ದು ಬೇರೆ, ಅಲ್ಲೇ ಹೊಸ್ತಿಲ ಮೇಲಿಡು, ಬಣ್ಣ ಒದ್ದೆ ಇದೆ. ಅವಳು ನೆಲ ನೋಡಿದಳು, ಅವನನ್ನು ನೋಡಿದಳು, ಮೂಲೆಯಲ್ಲಿ ರೋಲರ್ ಹಿಡಿದು ನಿಂತವನನ್ನು, ಒಂದು ಕ್ಷಣ ನಗು ಬಂದಂತಾಯಿತು ಅವಳಿಗೆ, ತುಟಿಯ ಒಂದು ಕೊನೆ ಅಲುಗಿದ್ದು ಅವನಿಗೆ ಚೆನ್ನಾಗಿ ಕಂಡಿತು, ಆಮೇಲೆ ಒಳಗೆ ಕಾಲಿಟ್ಟಳು. ಚಪ್ಪಲಿ ಸಮೇತ. ಒಂದು, ಎರಡು, ಅವಸರವಿಲ್ಲದೆ, ಲೈಬ್ರರಿಯ ಕಪಾಟುಗಳ ನಡುವೆ ನಡೆಯುವ ನಡಿಗೆಯಲ್ಲೇ, ಪಚ್, ಪಚ್, ಅಂಟಿ ಬಿಡುವ ಸಣ್ಣ ಸದ್ದು, ಐದನೇ ಹೆಜ್ಜೆಗೆ ಹತ್ತಿರ ಬಂದು ಕೀಗೊಂಚಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು, ಅವಳ ತಲೆಗೂದಲಿನ ಸೋಪಿನ ವಾಸನೆ, ಟರ್ಪಂಟೈನ್ ವಾಸನೆಯನ್ನೂ ಮೀರಿ ಬಂತು, ಬಣ್ಣ ಚೆನ್ನಾಗಿದೆ, ಅಂದಳು. ಅವನು ಅಂದ, ಚಪ್ಪಲಿಗೆ ಅಂಟತ್ತೆ ನೋಡು. ಅವಳು ತಿರುಗಿದಳು. ಅವನ ಕಣ್ಣು ನೆಲದ ಮೇಲೆ, ಐದು ಗಾಯ, ಹತ್ತು ನಿಮಿಷದೊಳಗೆ ತಿದ್ದಿದರೆ ಗುರುತೇ ಉಳಿಯುವುದಿಲ್ಲ, ಬಣ್ಣ ಇನ್ನೂ ಹರಿಯುವ ಸ್ಥಿತಿಯಲ್ಲಿದೆ, ತಟ್ಟೆಗೆ ಬಗ್ಗಿದ, ತಳದಲ್ಲಿ ಉಳಿದದ್ದು ಸಾಕಾಗುತ್ತದೋ ಇಲ್ಲವೋ ನೋಡಿದ, ಡಬ್ಬಿ ಬಗ್ಗಿಸಿ ಇನ್ನಷ್ಟು ಸುರಿದುಕೊಂಡ, ಬೆನ್ನ ಹಿಂದೆ ಪಚ್, ಪಚ್, ಆಮೇಲೆ ಸದ್ದಿಲ್ಲ, ಹೋದಳು ಎಂದುಕೊಂಡ, ರೋಲರನ್ನು ಹೊರಳಿಸಿ ಹೊರಳಿಸಿ ಬಣ್ಣ ಕುಡಿಸಿದ, ಹೆಚ್ಚಾದದ್ದನ್ನು ಅಂಚಿಗೆ ಒರೆಸಿದ, ಆಮೇಲೆ ಮತ್ತೆಲ್ಲೋ ಪಚ್ ಪಚ್ ಪಚ್, ಅದು ತಟ್ಟೆಯ ಸದ್ದೇ ಇರಬೇಕು, ತಲೆಯೆತ್ತಿದಾಗ ಬಾಗಿಲು ಖಾಲಿ.

ಕಾಲ ಬುಡದ ಗುರುತಿನ ಮೇಲೆ ರೋಲರ್ ಹಾಯಿಸಿದ, ಮಾಯ, ಅದರ ಪಕ್ಕದ್ದು, ಅದೂ ಮಾಯ, ಕೈಗೆ ಒಂದು ನೆಮ್ಮದಿ, ಕೋಣೆಯ ನಡುವಿನವರೆಗೂ ಹೋಗುತ್ತದೆ ಎಂದು ಉದ್ದ ಕೋಲು ಖರೀದಿಸಿದ್ದು ಸಾರ್ಥಕ, ಬಂದ ಹೆಜ್ಜೆ ಯಾವುದು ಹೋದ ಹೆಜ್ಜೆ ಯಾವುದು ಎಂದೂ ನೋಡದೆ ಒರೆಸುತ್ತಾ ಹೋದ — ಹೊರಗೆ ಕಾರು ಬಂದು ನಿಂತ ಸದ್ದು, ಹಿಂದೆಯೇ ಗಡಗಡ, ಗಡಗಡ, ಸಣ್ಣ ಗಾಲಿಗಳು ಪೊರಕೆಯ ಗೀರಿನ ಮೇಲೆ ಉರುಳುವ ಸದ್ದು, ಇಳಿಜಾರು! ಇಳಿಜಾರಿನ ಮೇಲೆ ಇಳಿಯುತ್ತಿದ್ದಾಳೆ, ಬಳಸಿದಳು, ಕೊನೆಗೂ ಬಳಸಿದಳು, ಒಂದು ಉಸಿರಿನಷ್ಟು ಹೊತ್ತು ಅವನಿಗೆ ಸಂತೋಷವೇ ಆಯಿತು, ಬೆಂಚಿನ ಮೇಲೆ ಕೂತ ಹಾಗೆ, ಮುಗಿಯಿತು, ರಾಜಿ, ಎಂದು, ಆಮೇಲೆ ಗಾಲಿ ಯಾವ ಕಡೆಗೆ ಉರುಳುತ್ತಿದೆ ಎನ್ನುವುದು ಹೊಳೆಯಿತು. ಹನ್ನೆರಡು ಅಡಿಗೆ ಒಂದಡಿ, ಸೂಟ್‌ಕೇಸು ಎಲ್ಲೂ ತಡವರಿಸಲಿಲ್ಲ. ರೋಲರ್ ಇನ್ನೊಂದು ಗುರುತಿಗೆ ಹೋಗಿ ಅಲ್ಲೇ ನಿಂತಿತು, ಕೋಣೆಯ ನಡುವೆ, ಯಾಕೆಂದರೆ ಅದು ಒಂದಲ್ಲ, ಎರಡು. ನಡೆಯುವವರ ಹೆಜ್ಜೆ ಒಂದರ ಮುಂದೆ ಒಂದು ಬೀಳುತ್ತದೆ, ಇವು ಅಕ್ಕಪಕ್ಕ, ಎಡಗಾಲು, ಬಲಗಾಲು, ಅಂಚು ಉಳಿದವುಗಳಿಗಿಂತ ಆಳ, ಸುತ್ತ ಬಣ್ಣ ಉಬ್ಬಿ ದಡ ಕಟ್ಟಿದೆ, ಅಷ್ಟು ಹೊತ್ತು — ಎಷ್ಟು ಹೊತ್ತು, ತಟ್ಟೆಗೆ ಬಣ್ಣ ಸುರಿದು, ರೋಲರಿಗೆ ಕುಡಿಸಿ, ಅಂಚಿಗೆ ಒರೆಸುವಷ್ಟು ಹೊತ್ತು, ಅವಳು ಅಲ್ಲಿ ನಿಂತಿದ್ದಳು, ಬೆನ್ನು ಇವನ ಕಡೆ, ಹಿಂತಿರುಗಿ ನೋಡದೆ, ಕೇಳಿಸಿಕೊಳ್ಳುತ್ತಾ. ಇವನು ಬಗ್ಗಿ ಬಣ್ಣ ಕಲಕುತ್ತಿದ್ದ. ತಪ್ಪಾಯ್ತು ಕಣೇ, ಎಂದ, ಬಾಯಿಬಿಟ್ಟೇ ಎಂದ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಅಷ್ಟೇನೂ ಕಷ್ಟವಿರಲಿಲ್ಲ, ಹೊರಗೆ ಕಾರಿನ ಡಿಕ್ಕಿ ಮುಚ್ಚಿತು, ಇನ್ನೊಂದು ಬಾಗಿಲು ಮುಚ್ಚಿತು, ಓಡಬೇಕು, ಎರಡು ದಾಪುಗಾಲು ಹಾಕಿದರೆ ಆ ಗುರುತು, ಅಲ್ಲಿಂದ ಮೂರು ಹೆಜ್ಜೆಗೆ ಹೊಸ್ತಿಲು, ಓಡಿದರೆ ಅದನ್ನು ತುಳಿಯಬೇಕು, ತುಳಿಯಬಾರದು, ಅದೊಂದನ್ನು ತುಳಿಯಬಾರದು, ಅವಳು ನಿಂತಿದ್ದಳು, ಕಾರು ಹೊರಟಿತು, ನಡುವೆ ಎರಡು ಚಪ್ಪಲಿ ಗುರುತು, ಅಕ್ಕಪಕ್ಕ, ಹಿಮ್ಮಡಿ ಇತ್ತ ಕಡೆ, ಬೆರಳು ಬಾಗಿಲ ಕಡೆ, ನಿಂತಿದ್ದಳು, ಎರಡು ಗುರುತು, ಅಕ್ಕಪಕ್ಕ