ಗಾಡಿಯ ನೆತ್ತಿಯ ಮೇಲೆ ಮಲಗುವ ಯೋಚನೆ

ಹುಮೈದ್ ಸೀಬ್ ಪಟ್ಟಣದ ಗಂಡುಮಕ್ಕಳ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಲೆಕ್ಕ ಬಿಡಿಸುವುದರಲ್ಲಿ ಎಷ್ಟು ಚುರುಕೋ, ಒಂದು ಸಾಮಾನು ಕೊಳ್ಳುವುದರಲ್ಲಿ ಅಷ್ಟೇ ನಿಧಾನ. ಮನೆಗೆ ಫ್ರಿಜ್ ಬೇಕಾದಾಗ ಒಂದಿಡೀ ಬೇಸಿಗೆ ವಿಚಾರ ಮಾಡಿದ್ದ. ಅಷ್ಟರಲ್ಲಿ ಅವನು ಮೆಚ್ಚಿಕೊಂಡಿದ್ದ ಮಾದರಿಯನ್ನು ಕಂಪನಿಯವರು ತಯಾರಿಸುವುದನ್ನೇ ನಿಲ್ಲಿಸಿದ್ದರು. ಈ ಕಥೆಗಳನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುವವನೂ ಅವನೇ. ಬೇರೆಯವರು ಹೇಳಿದರೆ ನೋವಾಗುತ್ತದೆ, ತಾನೇ ಹೇಳಿಕೊಂಡರೆ ಮರ್ಯಾದೆ ಅರ್ಧವಾದರೂ ಉಳಿಯುತ್ತದೆ ಎಂಬುದು ಅವನ ಲೆಕ್ಕಾಚಾರ.

ಟೆಂಟಿನ ಹುಚ್ಚು ಹತ್ತಿದ್ದು ಹೋದ ಚಳಿಗಾಲದಲ್ಲಿ. ಹೆಂಡತಿ ರಾಯಾ, ಹದಿನಾಲ್ಕರ ಮಗಳು ಲಮೀಸ್, ಒಂಬತ್ತರ ಮಗ ಅಝ್ಜಾನ್‌ರನ್ನು ಕರೆದುಕೊಂಡು ಜಬಲ್ ಶಮ್ಸ್ ಬೆಟ್ಟ ಹತ್ತಿದ್ದ. ಅಲ್ಲಿ ನೆಲವೆಲ್ಲ ಬಂಡೆ. ಗೂಟ ಹೊಡೆದರೆ ಗೂಟವೇ ಸೊಟ್ಟಗಾಯಿತು. ಕಲ್ಲು ಹೇರಿ ಹೇಗೋ ನಿಲ್ಲಿಸಿದ ಟೆಂಟನ್ನು ಗಾಳಿ ಒಂದೇ ಏಟಿಗೆ ಎತ್ತಿಕೊಂಡು ಹೋಗಿ ಮುಳ್ಳುಗಿಡಕ್ಕೆ ಸಿಕ್ಕಿಸಿತು. ಅವನು ಅದರ ಹಿಂದೆ ಪಾದದ ತನಕ ಇಳಿಯುವ ದಿಶ್ದಾಶದ ನಿಲುವಂಗಿಯನ್ನು ಮೊಣಕಾಲಿನ ತನಕ ಎತ್ತಿಕೊಂಡು ಓಡುತ್ತಿರುವಾಗ, ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದ ಒಬ್ಬ ದಂತವೈದ್ಯರು ಎರಡು ಕೊಂಡಿ ಬಿಚ್ಚಿದರು. ಗಾಡಿಯ ನೆತ್ತಿಯ ಮೇಲೆ ಪಟ್ಟನೆ ಒಂದು ಮನೆ ಎದ್ದು ನಿಂತಿತು. ವೈದ್ಯರು ಕಹ್ವಾ ಕಾಫಿಯ ಬಟ್ಟಲು ಹಿಡಿದು ಬಂದು, "ಏನಾದ್ರೂ ಸಹಾಯ ಬೇಕಿತ್ತಾ?" ಎಂದು ಬಹಳ ವಿನಯದಿಂದ ಕೇಳಿದರು.

"ಏನಿಲ್ಲ, ಮಕ್ಕಳಿಗೆ ಗಾಳಿಯ ವೇಗ ತೋರಿಸ್ತಾ ಇದ್ದೆ" ಎಂದ ಹುಮೈದ್.

ಆ ರಾತ್ರಿ ನಾಲ್ವರೂ ಕಾರಿನ ಸೀಟಿನಲ್ಲಿ ಕೂತೇ ಬೆಳಗು ಮಾಡಿದರು. ಕೆಳಗಿಳಿಯುವಾಗ ಅವನು ನಿಶ್ಚಯಿಸಿಬಿಟ್ಟಿದ್ದ: ಇನ್ನು ಮಲಗಿದರೆ ಗಾಡಿಯ ಮೇಲೆ.

ಏಳು ತಿಂಗಳು ವಿಚಾರ ನಡೆಯಿತು. ಸಿಕ್ಕಿದ ವಿಡಿಯೋ ನೋಡಿದ, ಕಂಡವರನ್ನು ವಿಚಾರಿಸಿದ, ಇಪ್ಪತ್ತಮೂರು ಟೆಂಟುಗಳ ಒಂದು ಪಟ್ಟಿ ಮಾಡಿದ. ಪ್ರತಿಯೊಂದಕ್ಕೂ ಹನ್ನೊಂದು ಕಾಲಂ. ಬಿಚ್ಚಲು ಎಷ್ಟು ನಿಮಿಷ, ಏಣಿ ಎಷ್ಟು ಓರೆ, ಹಾಸಿಗೆ ಎಷ್ಟು ದಪ್ಪ, ಗಾಳಿಗೆ ಬಟ್ಟೆ ಎಷ್ಟು ಬಡಿದುಕೊಳ್ಳುತ್ತದೆ, ಹೀಗೆ. ಗಟ್ಟಿ ಚಿಪ್ಪಿನ ಪೆಟ್ಟಿಗೆಯಂಥದ್ದು ಮೇಲೋ, ಮಡಚುವ ಬಟ್ಟೆಯದು ಮೇಲೋ ಎಂಬ ವಿಷಯದಲ್ಲಿ ಊಟದ ತಟ್ಟೆಯ ಮುಂದೆ ಭಾಷಣವೇ ಆಗುತ್ತಿತ್ತು.

"ಅಬು ಅಝ್ಜಾನ್, ನನ್ನ ಮದುವೆ ಆಗೋಕೆ ಮುಂಚೆ ಎಷ್ಟು ಕಾಲಂ ಹಾಕಿದ್ದೆ?" ಎಂದು ರಾಯಾ ಒಂದು ದಿನ ಗಂಡನನ್ನು ಕೇಳಿದಳು.

"ಆಗ ನನಗೆ ಇಷ್ಟು ತಿಳುವಳಿಕೆ ಇರ್ಲಿಲ್ಲ."

"ಅದಕ್ಕೇ ಒಳ್ಳೇದು ಸಿಕ್ತು" ಎಂದು ಅವಳು ಅನ್ನ ಬಡಿಸಿದಳು.

ಹನ್ನೊಂದು ಕಾಲಂಗಳಲ್ಲಿ ಒಂದು ಅವನ ಉಮ್ಮ, ಅಂದರೆ ತಾಯಿ ಝುವೈನಾಳ ನೋಯುವ ಮೊಣಕಾಲಿಗೆ ಮೀಸಲು. ಎಪ್ಪತ್ತು ದಾಟಿದ ಆಕೆಗೆ ರಂಜಾನಿನ ಹೊತ್ತಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಅಲ್ಲಿಂದೀಚೆಗೆ ನಿದ್ದೆ ಹಾರಿಹೋಗಿತ್ತು. ಎರಡು ತಾಸು ಕಣ್ಣು ಮುಚ್ಚಿದರೆ ಹೆಚ್ಚು. ಆಮೇಲೆ ಮನೆಯ ಉದ್ದಕ್ಕೂ ಚಪ್ಪಲಿ ಎಳೆಯುತ್ತಾ ಓಡಾಟ, ನಾಲ್ಕು ಗಂಟೆಗೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವುದು. ಡಾಕ್ಟರು ಕೊಟ್ಟ ಮಾತ್ರೆ ನುಂಗಿ ಅತ್ತಿತ್ತ ತೂರಾಡಿದಳೇ ಹೊರತು ನಿದ್ದೆ ಬರಲಿಲ್ಲ. ಆಕೆಯನ್ನು ಏಣಿ ಹತ್ತಿಸುವ ಮಾತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಬಿಡುವ ಮಾತೂ ಇರಲಿಲ್ಲ. ಪಟ್ಟಿಯಲ್ಲಿ ಆ ಕಾಲಂ ಖಾಲಿಯಾಗಿಯೇ ಇತ್ತು.

ಕೊನೆಗೆ ಒಂದು ಶನಿವಾರ ಮಬೇಲಾದ ಒಂದು ಅಂಗಡಿಗೆ ಹೊರಟರು. ಹುಮೈದ್ ಪಟ್ಟಿಯನ್ನು ಅಚ್ಚು ಹಾಕಿಸಿ ಫೈಲಿನಲ್ಲಿಟ್ಟುಕೊಂಡಿದ್ದ. ಉಮ್ಮ ಕರೆಯದೆಯೇ ಮುಂದಿನ ಸೀಟಿನಲ್ಲಿ ಬಂದು ಕೂತಿದ್ದಳು.

ಅಂಗಡಿಯಾತ ಷಾಹ್‌ದಾದ್ ಎಂಬ ಬಲೂಚಿ, ನಗುಮುಖದವನು. ಒಂಬತ್ತು ಟೆಂಟುಗಳನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಬಿಚ್ಚಿ ನಿಲ್ಲಿಸಿದ್ದ. ಹುಮೈದ್ ಫೈಲು ತೆರೆದು ಪರೀಕ್ಷೆ ಶುರುಮಾಡಿದ. ಜಿಪ್ಪು ಎಂಥದ್ದು, ಹೊಲಿಗೆ ಎಷ್ಟು ಸಾಲು, ಮಂಜಿನ ನೀರು ಒಳಗೆ ಕೂರುತ್ತದೆಯೇ. ಷಾಹ್‌ದಾದ್ ಮೊದಲ ಐದಾರು ಪ್ರಶ್ನೆಗಳಿಗೆ ಉತ್ತರ ಹೇಳಿದ, ಆಮೇಲೆ, "ಉಸ್ತಾದ್, ಇದು ನಿಮಗೇ ಚೆನ್ನಾಗಿ ಗೊತ್ತು. ನೀವೇ ಹೇಳಿ, ನಾನು ಕಲ್ತುಕೊಳ್ತೀನಿ" ಎಂದು ಕೈಕಟ್ಟಿ ನಿಂತ. ಹುಮೈದ್ ಅದನ್ನು ಹೊಗಳಿಕೆ ಎಂದುಕೊಂಡು ಇನ್ನೂ ಕಾಲು ಗಂಟೆ ಹೇಳಿದ.

"ಬಾಬಾ, ಜದ್ದಾ ಎಲ್ಲಿ?" ಎಂದು ಅಝ್ಜಾನ್ ಕೇಳಿದ್ದು ಆಗಲೇ.

ಅಜ್ಜಿ, ಬಂದಾಗ ಕೂರಿಸಿದ್ದ ಕುರ್ಚಿಯಲ್ಲಿರಲಿಲ್ಲ. ಹೊರಗೆ ಕಾರಿನಲ್ಲೂ ಇರಲಿಲ್ಲ. ಲಮೀಸ್ ಅಂಗಡಿಯ ಮೂಲೆಯತ್ತ ಬೆರಳು ತೋರಿಸಿದಳು. ಅಲ್ಲಿ ಒಂದು ಏಣಿಯ ಬುಡದಲ್ಲಿ ಉಮ್ಮನ ಚಪ್ಪಲಿಗಳು ಜೋಡಿಯಾಗಿದ್ದವು. ಮೇಲೆ ಟೆಂಟಿನ ಬಾಗಿಲಿನಿಂದ ಎರಡು ಪಾದ ಕಾಣುತ್ತಿದ್ದವು.

"ಹೇಗೆ ಹತ್ತಿದ್ರು?" ಎಂದು ಹುಮೈದ್ ಗಾಬರಿಯಾದ.

"ಕಾಲಲ್ಲಿ" ಎಂದಳು ಲಮೀಸ್. "ನಾನು ನೋಡ್ತಾ ಇದ್ದೆ. ಅಬಾಯಾ ಒಂದು ಕೈಲಿ ಹಿಡ್ಕೊಂಡು ಸರಸರ ಹತ್ತಿದ್ರು."

ಹುಮೈದ್ ಏಣಿಯ ಎರಡು ಮೆಟ್ಟಿಲು ಹತ್ತಿ ಇಣುಕಿದ. ಉಮ್ಮ ಮಗ್ಗುಲಾಗಿ, ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ ಸಣ್ಣಗೆ, ಒಂದೇ ಸಮನೆ ಬರುತ್ತಿತ್ತು. ಅಂಥ ಗೊರಕೆಯನ್ನು ಮನೆಯಲ್ಲಿ ಯಾರೂ ಕೇಳಿ ತಿಂಗಳುಗಳಾಗಿದ್ದವು.

ಅವನು ಕೆಳಗಿಳಿದಾಗ ರಾಯಾ ಬಾಯಿಗೆ ಬೆರಳಿಟ್ಟು ನಿಂತಿದ್ದಳು. "ಯಾರಾದ್ರೂ ಎಬ್ಬಿಸಿದ್ರೆ ನೋಡಿ ಮತ್ತೆ."

ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಾಗಿತ್ತು. ಹುಮೈದ್ ಸಂಕೋಚದಿಂದ ಷಾಹ್‌ದಾದ್‌ನ ಮುಖ ನೋಡಿದ. ಅವನು ಶಟರನ್ನು ಅರ್ಧ ಇಳಿಸಿ, ಮೇಲಿನ ದೀಪಗಳನ್ನು ಆರಿಸಿದ. "ನಮ್ಮ ಅಮ್ಮನೂ ಹೀಗೇ, ಉಸ್ತಾದ್. ಖಾಲಾ ಮಲಗಲಿ. ನಾನು ನಮಾಜ್ ಮುಗಿಸಿ ಊಟ ತರ್ತೀನಿ" ಎಂದು ಹೊರಟುಹೋದ. ಮಕ್ಕಳು ಮಾರಾಟಕ್ಕಿಟ್ಟಿದ್ದ ಮಡಚುವ ಕುರ್ಚಿಗಳಲ್ಲಿ ಕೂತರು. ಅವನು ತಂದ ಅನ್ನ, ಮೀನನ್ನು ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು, ಪಿಸುಮಾತಿನಲ್ಲೇ ಉಂಡರು.

ಕೈ ತೊಳೆದ ಮೇಲೆ ಷಾಹ್‌ದಾದ್ ಕೇಳಿದ, "ಅಂದ ಹಾಗೆ ಉಸ್ತಾದ್, ಗಾಡಿ ಯಾವ್ದು ನಿಮ್ದು?"

ಹುಮೈದ್ ಶಟರಿನ ಕೆಳಗಿನಿಂದ ಹೊರಗೆ ತೋರಿಸಿದ. ಷಾಹ್‌ದಾದ್ ಬಗ್ಗಿ ನೋಡಿದ, ಎದ್ದ, ಮತ್ತೊಮ್ಮೆ ಬಗ್ಗಿ ನೋಡಿದ. "ಗಾಜಿನ ಛಾವಣಿ. ಮೇಲೆ ಎಷ್ಟು ತೂಕ ತಡಿಯುತ್ತೆ ಅಂತ ಪುಸ್ತಕದಲ್ಲಿ ನೋಡಿದ್ದೀರಲ್ಲಾ?"

ಹುಮೈದ್ ಅದೊಂದನ್ನು ಮಾತ್ರ ನೋಡಿರಲಿಲ್ಲ. ಕಾರಿಗೆ ಹೋಗಿ ಡ್ಯಾಶ್‌ಬೋರ್ಡಿನಿಂದ, ಐದು ವರ್ಷದಿಂದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಪುಸ್ತಕ ತೆಗೆದ. ಗಾಡಿ ಓಡುವಾಗ ಛಾವಣಿಯ ಮೇಲೆ ಐವತ್ತು ಕೆಜಿ, ಅದಕ್ಕಿಂತ ಹೆಚ್ಚು ಕೂಡದು. ಅವನ ಪಟ್ಟಿಯಲ್ಲಿದ್ದ ಟೆಂಟುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಐವತ್ತೆಂಟು ಕೆಜಿ. ಕ್ಯಾರಿಯರಿನ ತೂಕ ಬೇರೆ.

ಹದಿನೆಂಟು ವರ್ಷದಿಂದ ಅವನು ಹುಡುಗರಿಗೆ ಹೇಳಿಕೊಂಡು ಬಂದದ್ದು ಒಂದೇ ಮಾತು: ಮೊದಲು ಪ್ರಶ್ನೆ ಪೂರ್ತಿ ಓದು, ಆಮೇಲೆ ಪೆನ್ನು ಹಿಡಿ. ಈಗ ಆ ಹುಡುಗರಲ್ಲಿ ಯಾರಾದರೂ ಈ ರಸ್ತೆಯಲ್ಲಿ ಬಂದುಬಿಟ್ಟರೆ ಗತಿಯೇನು ಎಂದು ಅತ್ತಿತ್ತ ನೋಡಿದ. ಹನ್ನೊಂದು ಕಾಲಂಗಳಲ್ಲಿ ತನ್ನ ಸ್ವಂತ ಕಾರಿಗೆ ಒಂದೂ ಇರಲಿಲ್ಲ.

ಒಳಗೆ ಬಂದು ಹೇಳಿದಾಗ ರಾಯಾ ನಗಲಿಲ್ಲ. ನಗದೇ ಇರಲು ಪಡುತ್ತಿದ್ದ ಕಷ್ಟ ಮಾತ್ರ ಕಾಣುತ್ತಿತ್ತು.

"ನಿಂತಾಗ ತಡಿಯುತ್ತೆ, ಉಸ್ತಾದ್" ಎಂದು ಷಾಹ್‌ದಾದ್ ಸಮಾಧಾನ ಹೇಳಿದ. "ಓಡುವಾಗ ಅಷ್ಟೇ ತಡಿಯಲ್ಲ."

"ಹಾಗಾದ್ರೆ ಮನೆ ಮುಂದೆ ನಿಲ್ಲಿಸ್ಕೊಂಡು ಮಲಗಬಹುದು" ಎಂದಳು ರಾಯಾ. "ಪಕ್ಕದ ಮನೆಯವರು ಕಹ್ವಾ ತಂದು, ಸಹಾಯ ಬೇಕಾ ಅಂತ ಕೇಳ್ತಾರೆ." ಅಷ್ಟು ಹೇಳಿ ಕುರ್ಚಿಯ ಬೆನ್ನಿಗೆ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಲಮೀಸ್ ತಡೆಯಲಾಗದೆ ಶಟರಿನ ಕೆಳಗೆ ನುಸುಳಿ ಬೀದಿಗೆ ಓಡಿದಳು. ಸ್ವಲ್ಪ ಹೊತ್ತಿಗೆ ಹುಮೈದ್‌ಗೂ ನಗು ಬಂತು. ಸದ್ದು ಮಾಡುವಂತಿರಲಿಲ್ಲವಾದ್ದರಿಂದ ಕಣ್ಣಲ್ಲಿ ನೀರಾಗಿ ಬಂತು.

ಉಮ್ಮ ಎದ್ದದ್ದು ಇಳಿಹೊತ್ತಿನ ಅಸರ್ ನಮಾಜಿನ ಬಾಂಗಿಗೆ. ಮೂರು ತಾಸಿಗೂ ಮಿಕ್ಕಿ ಮಲಗಿದ್ದಳು. ಟೆಂಟಿನ ಕಿಟಕಿಯಿಂದ ತಲೆ ಹೊರಹಾಕಿ, ಎಲ್ಲರೂ ಸಾಲಾಗಿ ತನ್ನನ್ನೇ ನೋಡುತ್ತ ಕೂತಿದ್ದನ್ನು ಕಂಡಳು.

"ಏನು, ನಾನು ಸತ್ತುಹೋದೆ ಅಂದ್ಕೊಂಡ್ರಾ?"

"ಉಮ್ಮ, ನಿನ್ನ ಮೊಣಕಾಲು..." ಎಂದ ಹುಮೈದ್.

"ನನ್ನ ಮೊಣಕಾಲಿಗೆ ನಿನ್ನ ಮನೆ ಮೆಟ್ಟಿಲು ಅಂದ್ರೆ ಆಗಲ್ಲ. ಮೇಲೆ ಹೋದ್ರೂ ಅದೇ ಗೋಡೆ, ಅದೇ ಎ.ಸಿ." ಆಕೆ ತಲೆವಸ್ತ್ರ ಸರಿಮಾಡಿಕೊಂಡು ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಳು. "ನಮ್ಮೂರು ಮುಸನ್ನಾದಲ್ಲಿ ಬೇಸಿಗೆ ಬಂದ್ರೆ ನಮ್ಮಪ್ಪ ಖರ್ಜೂರದ ದಿಮ್ಮಿ ನೆಟ್ಟು ಅಟ್ಟಣೆ ಕಟ್ಟೋರು. ಆಳೆತ್ತರ. ಕೆಳಗೆ ಆಡು, ಮೇಲೆ ನಾವು ಐದು ಜನ ಹೆಣ್ಣುಮಕ್ಕಳು. ಕೆಳಗಿಂದ ಗಾಳಿ ಬರೋದು. ಮದುವೆ ಆಗೋ ತನಕ ನಾನು ಬೇಸಿಗೇಲಿ ನೆಲದ ಮೇಲೆ ಮಲಗಿದ್ದೇ ಇಲ್ಲ."

ಹುಮೈದ್ ಈ ಸಂಗತಿಯನ್ನು ನಲವತ್ತಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿರಲಿಲ್ಲವೋ, ಅಮ್ಮ ಹೇಳುವಾಗ ಬೇರೇನೋ ಲೆಕ್ಕ ಹಾಕುತ್ತಿದ್ದನೋ, ಅದೂ ನೆನಪಿರಲಿಲ್ಲ.

"ಇದನ್ನೇ ತಗೊಳ್ಳೋಣ" ಎಂದಳು ಉಮ್ಮ.

ಹುಮೈದ್ ಫೈಲು ನೋಡಿದ. ಹತ್ತೊಂಬತ್ತನೆಯದು. ಬಿಚ್ಚಲು ಹತ್ತು ನಿಮಿಷ, ಏಣಿ ಕಡಿದು, ಬಟ್ಟೆ ಗಾಳಿಗೆ ಬಡಿದುಕೊಳ್ಳುತ್ತದೆ. ಮೊದಲ ವಾರವೇ ಕೆಂಪು ಗೆರೆ ಎಳೆದು ಹೊಡೆದುಹಾಕಿದ್ದ. "ಉಮ್ಮ, ಆ ಕಡೆ ಇನ್ನೊಂದಿದೆ. ಹಾಸಿಗೆ ಇದಕ್ಕಿಂತ ಎರಡು ಇಂಚು ದಪ್ಪ."

"ನಾನು ನಿದ್ದೆ ಮಾಡಿದ್ದು ಅದರಲ್ಲಾ?"

ಅವನು ಫೈಲು ಮುಚ್ಚಿದ.

ಇನ್ನು ಉಳಿದದ್ದು ಗಾಡಿ. ರಾಯಾಳ ಅಣ್ಣ ಖಲ್ಫಾನ್ ಮೀನುಗಾರ. ಅವನಲ್ಲಿ ಒಂದು ಹಳೆಯ ಪಿಕಪ್ ಇತ್ತು. ಸಾರ್ಡಿನ್ ಮೀನಿನ ವಾಸನೆಗೆ ಹೆದರಿ ಹುಮೈದ್ ಒಂದು ಮದುವೆಗೆ ಆ ಗಾಡಿಯಲ್ಲಿ ಬರಲೊಪ್ಪದೆ, ಬಿಸಿಲಿನಲ್ಲಿ ಟ್ಯಾಕ್ಸಿಗೆ ಕಾದಿದ್ದ. ಈಗ ಅವನೇ ಫೋನ್ ಹಚ್ಚಿದ. ವಿಷಯ ಪೂರ್ತಿ ಹೇಳಿದ.

"ಇನ್ನೊಂದು ಸಲ ಹೇಳು" ಎಂದ ಖಲ್ಫಾನ್. "ಎಂಜಿನ್ ಸದ್ದಿಗೆ ಸರಿಯಾಗಿ ಕೇಳ್ಸಲಿಲ್ಲ."

"ನಿನ್ನ ಪಿಕಪ್ ಬೇಕಿತ್ತು."

"ನಂದು ಮನುಷ್ಯರು ಕೂರೋ ಗಾಡಿ ಅಲ್ವಲ್ಲ, ಮೇಷ್ಟ್ರೇ."

"ಕೂರಲ್ಲ. ಮಲಗ್ತೀವಿ."

ಖಲ್ಫಾನ್ ಹೊಟ್ಟೆ ತುಂಬ ನಕ್ಕು, ಆಗಲಿ ಎಂದ. ಪಿಕಪ್ಪಿನ ಹಿಂಭಾಗದಲ್ಲಿ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿ ಟೆಂಟು ಕೂರಿಸಿದರು. ಡಿಸೆಂಬರಿನ ಮೊದಲ ಗುರುವಾರ ಫಿನ್ಸ್‌ನ ಕಡಲತೀರಕ್ಕೆ ಹೊರಟಿತು ಮೆರವಣಿಗೆ: ಮುಂದೆ ಪಿಕಪ್ಪಿನಲ್ಲಿ ಉಮ್ಮ ಮತ್ತು ಖಲ್ಫಾನ್, ಹಿಂದೆ ತನ್ನ ಗಾಜಿನ ಛಾವಣಿಯ ಕಾರಿನಲ್ಲಿ ಹುಮೈದ್. ದಾರಿಯುದ್ದಕ್ಕೂ ಪ್ರತಿ ಉಬ್ಬಿಗೂ ಅಲುಗುವ ಟೆಂಟನ್ನು ನೋಡುತ್ತ, ಪ್ರತಿ ಉಬ್ಬಿಗೂ ಉಸಿರು ಹಿಡಿಯುತ್ತ ಬಂದ.

ತೀರದಲ್ಲಿ ಅದನ್ನು ಬಿಚ್ಚುವ ಗೌರವವನ್ನು ಎಲ್ಲರೂ ಅವನಿಗೇ ಬಿಟ್ಟರು. ಬೆಲ್ಟುಗಳನ್ನು ಸರಿಯಾದ ಕ್ರಮದಲ್ಲಿ ಸಡಿಲಿಸುತ್ತ, ಕಂಬಿಗಳನ್ನು ಎಣಿಸುತ್ತ ಅರ್ಧ ಗಂಟೆ ಹೆಣಗಿದ. ಟೆಂಟು ಅರ್ಧ ಬಾಯಿ ತೆರೆದು ಹಾಗೇ ನಿಂತಿತು. ಆಮೇಲೆ ಲಮೀಸ್, "ಬಾಬಾ, ನೀವು ಇಳೀರಿ" ಎಂದು ಹತ್ತಿ, ಏಣಿಯನ್ನೇ ಹಿಡಿದು ತನ್ನ ಮೈಭಾರ ಹಾಕಿ ಜೋತುಬಿದ್ದಳು. ಟೆಂಟು ಸಲೀಸಾಗಿ ಪಕ್ಕಕ್ಕೆ ಮಗುಚಿ ಬಿಚ್ಚಿಕೊಂಡಿತು. ಹಾಗೆ ಎಳೆಯಬೇಕೆಂದು ಯಾವುದೋ ವಿಡಿಯೋದಲ್ಲಿ ತಾನು ನೋಡಿದ್ದೆ ಎಂದು ಹುಮೈದ್ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಳಗೆ ನಾಲ್ಕು ಜನಕ್ಕೆ ಜಾಗ. ಉಮ್ಮ, ರಾಯಾ, ಮಕ್ಕಳಿಬ್ಬರು, ಲೆಕ್ಕ ಸರಿಹೋಯಿತು. ಮೇಷ್ಟ್ರಿಗೆ ಸಿಕ್ಕಿದ್ದು ಪಿಕಪ್ಪಿನ ತೊಟ್ಟಿಯಲ್ಲಿ, ಚೌಕಟ್ಟಿನ ಕೆಳಗೆ, ಖಲ್ಫಾನನ ಪಕ್ಕ. ತಲೆದಿಂಬಿಗೆ ಮಡಚಿದ ಬಲೆ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕೆನ್ನುವಷ್ಟರಲ್ಲಿ ಹುಮೈದ್‌ಗೆ ನಿದ್ದೆ ಹತ್ತಿತ್ತು.

ಎಚ್ಚರವಾದಾಗ ಸಮುದ್ರದ ಮೇಲೆ ಬೂದು ಬೆಳಕು. ಖಲ್ಫಾನ್ ಆಗಲೇ ಕೈಕಾಲು ಮುಖ ತೊಳೆದು ವುಜೂ ಮಾಡಿ ನಿಂತಿದ್ದ. ಮೇಲಿಂದ ಯಾವ ಸದ್ದೂ ಇಲ್ಲ. ಉಮ್ಮ ಈ ಹೊತ್ತಿಗೆ ಎದ್ದು ತಿರುಗಾಡದೆ ಇರುವವಳೇ ಅಲ್ಲ. ಹುಮೈದ್ ಧಡಕ್ಕನೆ ಎದ್ದ. ಬರಿಗಾಲಲ್ಲಿ ಏಣಿ ಹತ್ತಿ, ಜಿಪ್ಪನ್ನು ಬೆರಳಗಲ ಇಳಿಸಿದ. ಉಮ್ಮ ಅಝ್ಜಾನ್‌ನ ಕಾಲನ್ನು ಹೊಟ್ಟೆಯ ಮೇಲೆ ಹೇರಿಕೊಂಡು ಗೊರಕೆ ಹೊಡೆಯುತ್ತಿದ್ದಳು.

ಬೆಳಗಿನ ಫಜರ್ ನಮಾಜಿಗೆ ಎಬ್ಬಿಸಬೇಕು. ಕೈ ಚಾಚಿದ, ಹಿಂದಕ್ಕೆ ತೆಗೆದ. ಮತ್ತೆ ಚಾಚಿದ. ಕೊನೆಗೆ ಜಿಪ್ಪು ಏರಿಸಿ, ಕೆಳಗಿಳಿದು ಖಲ್ಫಾನನ ಪಕ್ಕ ನಮಾಜಿಗೆ ನಿಂತ.

ಬಿಸಿಲೇರಿದ ಮೇಲೆ ಆಚೆ ಬಿಡಾರದ ಒಬ್ಬ ಗೃಹಸ್ಥ ಸಲಾಂ ಹೇಳಿ ಬಂದ. ಟೆಂಟನ್ನು ಸುತ್ತಿ ನೋಡಿ, "ನಾನೂ ಒಂದು ತಗೋಬೇಕು ಅಂತಿದ್ದೀನಿ. ಹೇಗೆ ಆರಿಸಿದ್ರಿ ಇದನ್ನ?" ಎಂದು ಕೇಳಿದ.

"ಸ್ವಲ್ಪ ಮೆಲ್ಲಗೆ ಮಾತಾಡಿ" ಎಂದ ಹುಮೈದ್. "ಗಾಡಿ ನಂದಲ್ಲ, ಆರಿಸಿದ್ದು ನಾನಲ್ಲ, ಒಳಗೆ ಮಲಗಿದ್ದೂ ನಾನಲ್ಲ. ನನ್ನ ಕೈಲಿ ಆದದ್ದು ಇದರ ವಿಷಯ ಏಳು ತಿಂಗಳು ಓದಿದ್ದು."

ಆತ ಇದು ತಮಾಷೆಯೋ ಅಲ್ಲವೋ ತಿಳಿಯದೆ ಒಂದು ಬಟ್ಟಲು ಕಹ್ವಾ ಕುಡಿದು ಹೋದ.

ಎಂಟೂವರೆಗೆ ಟೆಂಟಿನ ಕಿಟಕಿ ತೆರೆಯಿತು. ಉಮ್ಮನ ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು. ಸೂರ್ಯ ಎಲ್ಲಿದ್ದಾನೆಂದು ಒಮ್ಮೆ ನೋಡಿ, ಕೆಳಗಿದ್ದ ಮಗನನ್ನು ನೋಡಿದಳು.

"ಹುಮೈದ್, ಫಜರ್‌ಗೆ ಯಾಕೋ ಎಬ್ಬಿಸಲಿಲ್ಲ?"

"ಎಬ್ಬಿಸೋಕೆ ಬಂದಿದ್ದೆ, ಉಮ್ಮ."

"ಬಂದು? ಮುಖ ನೋಡ್ಕೊಂಡು ಹೋದ್ಯಾ? ಮಕ್ಕಳಿಗೆ ಪಾಠ ಹೇಳೋನಂತೆ. ಅಮ್ಮನ್ನ ನಮಾಜಿಗೆ ಎಬ್ಬಿಸೋಕೆ ಗೊತ್ತಾಗಲ್ಲ." ಏಣಿ ಇಳಿಯುತ್ತ ಮೆಟ್ಟಿಲಿಗೊಂದು ಬೈಗುಳದಂತೆ ಬೈದಳು. ಬಲೆಯ ವಾಸನೆ ಹತ್ತಿದ ತಲೆಗೂದಲನ್ನು ಕೈಯಲ್ಲಿ ಒತ್ತಿಕೊಂಡು, ಹುಮೈದ್ ಹೋಂವರ್ಕ್ ಮರೆತ ಹುಡುಗನಂತೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಬೈಗುಳ ಇನ್ನಷ್ಟು ಹೊತ್ತು ನಡೆದರೂ ಅವನಿಗೆ ಅಡ್ಡಿಯಿರಲಿಲ್ಲ. ಆಕೆಯ ದನಿ ಅಷ್ಟು ಗಟ್ಟಿಯಾಗಿ ಕೇಳಿ ಬಹಳ ದಿನವಾಗಿತ್ತು.

ನೀರಿನ ಕ್ಯಾನು ಎತ್ತಿಕೊಂಡು ಹೋಗುವಾಗ ಉಮ್ಮ ಖಲ್ಫಾನನ ಕಡೆ ತಿರುಗಿದಳು. "ಮುಂದಿನ ಗುರುವಾರ ನಿನಗೆ ಸಮುದ್ರದಲ್ಲಿ ಕೆಲಸ ಇದ್ಯೇನಪ್ಪಾ?"