ಐದೂವರೆ ಗಂಟೆ ಹಿಂದಿನ ವಾಚು

ಮೀನಿನ ರಿಕ್ಷಾದ ಹಾರ್ನ್ ಕಾಪುವಿನ ದೀಪಸ್ತಂಭದ ಹತ್ತಿರದ ಓಣಿಗೆ ಬಂದು ಎರಡು ಸಲ ಕೂಗಿತೆಂದರೆ ಮನೆಮನೆಯ ಹೆಂಗಸರು ಪಾತ್ರೆ ಹಿಡಿದು ಹೊರಬರುತ್ತಾರೆ. ಸ್ವರ್ಣಲತಾ ಟೀಚರ್ ಮಾತ್ರ ಮೊದಲು ಎಡಗೈಯ ವಾಚು ನೋಡುತ್ತಾರೆ. ಬಿಸಿಲು ಏರಿದ್ದರೂ ಆ ವಾಚಿನಲ್ಲಿ ಇನ್ನೂ ಬೆಳಗಾಗಿರುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅವರು ವಾಚನ್ನು ಲಂಡನ್ನಿನ ಗ್ರೀನಿಚ್ಚಿನ ವೇಳೆಗೆ, ನಮಗಿಂತ ಐದೂವರೆ ಗಂಟೆ ಹಿಂದಕ್ಕೆ, ಇಟ್ಟುಕೊಂಡವರು. ಕಂಪ್ಯೂಟರಿಗೆ ತಿಂಗಳೂ ಇಲ್ಲ, ವಾರವೂ ಇಲ್ಲ. ೧೯೭೦ರ ಮೊದಲ ದಿನದಿಂದ ಗ್ರೀನಿಚ್ಚಿನ ಗಡಿಯಾರದಲ್ಲಿ ಕಳೆದ ಸೆಕೆಂಡುಗಳ ಒಂದೇ ಉದ್ದನೆಯ ಸಂಖ್ಯೆಯಾಗಿ ಅದು ತಾರೀಕನ್ನು ನೆನಪಿಡುತ್ತದೆ ಎಂದು ಪಾಠ ಹೇಳುವಾಗ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಲಗೆಯ ಈ ತುದಿಯಿಂದ ಆ ತುದಿಗೆ ಅಲೆಯ ಹಾಗೆ ಹೋಗಿ ಬರುತ್ತಾರೆ. ಮಾತು ಮುಗಿಸುವ ಅಭ್ಯಾಸವಿಲ್ಲ. ಅರ್ಧ ವಾಕ್ಯವನ್ನು ನಮಗೆ ಬಿಟ್ಟು ನಡೆದುಬಿಡುತ್ತಾರೆ.

ನೆರೆಮನೆಯ ದೋಣಿ ಮಾಲಕ ವಾಸಣ್ಣನಿಗೆ ಆ ವಾಚೆಂದರೆ ತಮಾಷೆ. "ಟೀಚರೇ, ಅದಕ್ಕೊಂದು ಸೆಲ್ ಹಾಕಿಸಿ ಮಾರಾಯ್ರೆ. ಲಂಡನ್ನಿನಲ್ಲಿ ನಿಮಗೆ ಎಂತ ಕೆಲಸ ಉಂಟು?"

ಈ ಸಲ ಮಳೆಗಾಲದ ಮೀನುಗಾರಿಕೆ ನಿಷೇಧ ಆರಂಭವಾದ ವಾರ ಅದೇ ವಾಸಣ್ಣ ಟೀಚರ ಜಗಲಿಯಲ್ಲಿ ತಲೆತಗ್ಗಿಸಿ ಕುಳಿತಿದ್ದರು. ಮೇ ಮೂವತ್ತೊಂದರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವರ ದೋಣಿ ಬಂದರು ಸೇರಿತ್ತು. ದೋಣಿ ಮಾಲಕರ ಸಂಘದ ಹೊಸ ಕಂಪ್ಯೂಟರು ಜೂನ್ ಒಂದು, ಎಂದರೆ ನಿಷೇಧದ ಮೊದಲ ದಿನ, ಎನ್ನುತ್ತಿತ್ತು. ನಿಷೇಧ ಮುರಿದವರೆಂದು ಸಂಘ ವರದಿ ಕಳಿಸಿದರೆ ಪರವಾನಗಿ ಹೋದಂತೆ.

ಟೀಚರ್ ವಾಸಣ್ಣನ ಜೊತೆ ನನ್ನನ್ನೂ ಕರೆದುಕೊಂಡು ಸಂಘಕ್ಕೆ ನಡೆದರು. "ಕಂಪ್ಯೂಟರ್ ಸುಳ್ಳು ಹೇಳ್ತದಾ ಟೀಚರ್?" ಎಂದು ಕಾರ್ಯದರ್ಶಿ ತಿಲಕ್ ನಕ್ಕ. ಟೀಚರ್ ವಾದಕ್ಕೆ ನಿಲ್ಲಲಿಲ್ಲ. ಉಳಿದ ದೋಣಿಗಳ ವಿವರ ತೆರೆಸಿ, ಕಡಲಿಗೆ ಹೊರಟ ವೇಳೆಯ ಮೇಲೆ ಬೆರಳಿಟ್ಟರು. ಎಲ್ಲವೂ ಮಟಮಟ ಮಧ್ಯಾಹ್ನ.

"ನಿನ್ನ ಅಪ್ಪ ಯಾವತ್ತಾದರೂ ಊಟದ ಹೊತ್ತಿಗೆ ಬಲೆ ಬಿಡಲು ಹೊರಟದ್ದು ಉಂಟಾ ತಿಲಕ್?"

ತಿಲಕನ ನಗು ನಿಂತಿತು. ಅವೆಲ್ಲ ಬೆಳಗ್ಗೆ ಹೊರಟ ದೋಣಿಗಳು. ದೋಣಿಗಳಲ್ಲಿ ಕೂರಿಸಿದ್ದ ಪುಟ್ಟ ಯಂತ್ರ ಹೊರಟ, ಸೇರಿದ ಹೊತ್ತನ್ನು ನಮ್ಮ ವೇಳೆಯಲ್ಲೇ ಕಳಿಸುತ್ತಿತ್ತು; ಸಂಘದ ಪ್ರೋಗ್ರಾಂ ಅದನ್ನು ಗ್ರೀನಿಚ್ಚಿನದೆಂದು ತಿಳಿದು ಸೆಕೆಂಡುಗಳ ಸಂಖ್ಯೆ ಮಾಡಿ, ತೋರಿಸುವಾಗ ಮತ್ತೆ ಐದೂವರೆ ಗಂಟೆ ಕೂಡಿಸುತ್ತಿತ್ತು. ಟೀಚರ್ ಹೇಳಿದ ಒಂದು ಸಾಲನ್ನು ತಿಲಕನೇ ತಿದ್ದಿದ. ಪರದೆಯ ಮೇಲೆ ದೋಣಿಗಳೆಲ್ಲ ಒಟ್ಟಿಗೆ ಬೆಳಗಿಗೆ ಮರಳಿದವು. ವಾಸಣ್ಣನದು ಮೇ ತಿಂಗಳ ಸಂಜೆಗೆ ಬಂದು ಲಂಗರು ಹಾಕಿತು. ಹೊರಗೆ ಕಾದಿದ್ದ ದೋಣಿಯವರ ಕೇಕೆಗೆ ಮಾಡಿನ ಕಾಗೆಗಳು ಹಾರಿದವು.

ದೂರದ ಗಡಿಯಾರವನ್ನು ಕೈಗೆ ಕಟ್ಟಿಕೊಂಡವರು ಊರಿನ ಹೊತ್ತನ್ನು ಮರೆತಿದ್ದಾರೆಂದು ನಾವು ಎಣಿಸುತ್ತೇವೆ. ತಮ್ಮೂರು ಎಲ್ಲಿದೆಯೆಂದು ಇಂಥವರು ದಿನವೂ ಲೆಕ್ಕ ಹಾಕುತ್ತಲೇ ಇರುತ್ತಾರೆ.

"ನನಗೂ ಅಂಥ ಒಂದು ವಾಚು ಬೇಕು ಟೀಚರೇ," ಎಂದು ವಾಸಣ್ಣ ಕಣ್ಣೊರೆಸಿಕೊಂಡರು.

"ನಿಮಗ್ಯಾಕೆ ವಾಸಣ್ಣ? ಸೆಲ್ ಮುಗಿದಿದೆ ಅಂತ ನೀವೇ..." ಎನ್ನುತ್ತ ಟೀಚರ್ ಆಗಲೇ ಮೆಟ್ಟಿಲಿಳಿದು ನಡೆದುಬಿಟ್ಟಿದ್ದರು.