ಅಂಟಿಸಿದ ಗರಿಗಳು

ನನ್ನ ಗಂಡ ಎಂದೂ ನೆಟ್ಟಗೆ ತಲೆ ಬಾಚಿಕೊಂಡವರಲ್ಲ. ಮೃಗಾಲಯದ ಮುದಿ ಗಂಡು ನವಿಲಿನ ಗರಿಗೆ ಮಾತ್ರ ಎಲ್ಲಿಲ್ಲದ ಉಪಚಾರ. ಅದಕ್ಕೆ ದೊರೆ ಎಂದು ಹೆಸರಿಟ್ಟವರೂ ಅವರೇ. ಅವರು ಅಲ್ಲಿ ಹಕ್ಕಿಗಳನ್ನು ನೋಡಿಕೊಳ್ಳುವವರು, ನಾನು ಕಾಳು ಹಸನು ಮಾಡಿ ಹಾಕುವವಳು.

ಆ ವರ್ಷ ದೊರೆ ಕಾಯಿಲೆ ಬಿದ್ದು, ಅರ್ಧಕ್ಕರ್ಧ ಗರಿ ಮುರಿದುಹೋದವು. ಹೆಣ್ಣು ನವಿಲುಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಈ ಸಲ ಜೋಡಿಯಾಗದಿದ್ದರೆ ಬೇರೆ ಊರಿಗೆ ಸಾಗಿಸುತ್ತೇವೆ ಎಂದರು ಮೇಲಧಿಕಾರಿ. ಅಂದಿನಿಂದ ಇವರಿಗೆ ಊಟ ಸೇರಲಿಲ್ಲ.

ಹಕ್ಕಿಗಳ ಡಾಕ್ಟರನ್ನು ನಾನೇ ಕೇಳಿದೆ, ಈ ಹೆಣ್ಣುಗಳಿಗೆ ಅಷ್ಟೊಂದು ಬಣ್ಣದ ಹುಚ್ಚೇಕೆ ಅಂತ.

"ಬರೀ ಬಣ್ಣ ಅಲ್ಲಮ್ಮ. ಅಷ್ಟು ಭಾರದ ಗರಿ ಎಳ್ಕೊಂಡು, ನಾಯಿ ನರಿಗೂ ಸಿಗದೆ ಬದುಕಿದ್ದಾನೆ ಅಂದ್ರೆ ಮೈಯಲ್ಲಿ ಕಸುವಿದೆ ಅಂತ ತಾನೆ? ಹುಟ್ಟೋ ಮರಿಗಳಿಗೂ ಅದು ಬರುತ್ತೆ."

ಪಕ್ಕದಲ್ಲಿದ್ದ ಇವರ ಕಿವಿಗೆ ಗರಿಯ ಮಾತು ಬಿತ್ತು, ಕಸುವಿನ ಮಾತು ಬೀಳಲಿಲ್ಲ. ಹಿಂದಿನ ವರ್ಷ ಉದುರಿದ ಗರಿಗಳನ್ನು ಪೆಟ್ಟಿಗೆಯಿಂದ ತೆಗೆದು, ಮುರಿದ ಬುಡಗಳಿಗೆ ಒಂದೊಂದಾಗಿ ಅಂಟಿಸಿದರು. ಬೀಳಬಾರದೆಂದು ಎಲ್ಲವನ್ನೂ ಒಳಗಡೆಯಿಂದ ದಾರದಲ್ಲಿ ಸೇರಿಸಿ ಬಿಗಿದರು.

"ನಮ್ಮ ಮದುವೇಲಿ ನಿಮಗೂ ಯಾರಾದ್ರೂ ಹೀಗೆ ಅಂಟಿಸಿದ್ರಾ?" ಅಂದೆ.

"ಏನು ಕಂಡು ಒಪ್ಕೊಂಡ್ಯೋ, ನಿನಗೇ ಗೊತ್ತು ಕಣೇ," ಎಂದು ನಕ್ಕರು. ಅವರು ನಕ್ಕು ಎಷ್ಟು ದಿನವಾಗಿತ್ತೋ.

ಮಾರನೆಯ ದಿನ ದೊರೆ ಗರಿ ಬಿಚ್ಚಿತು. ಎಳೆಯ ಹೆಣ್ಣೊಂದು ಮೇಯುವುದನ್ನು ಬಿಟ್ಟು ನೋಡಿತು, ಸುತ್ತು ಹಾಕಿತು, ಒಪ್ಪಿತು. ಇವರು ಬೇಲಿ ಹಿಡಿದು ಅತ್ತೇಬಿಟ್ಟರು.

ಸಂಜೆ ಹೆಣ್ಣುಗಳೆಲ್ಲ ಕೊಂಬೆ ಸೇರಿದವು. ದೊರೆಯೂ ಹಾರಲು ನೋಡಿತು. ಕಾಯಿಲೆಯಿಂದೆದ್ದ ಮೈಗೆ ಆ ಭಾರ ಎತ್ತಲಾಗದೆ ನೆಲದಲ್ಲೇ ಉಳಿಯಿತು. ದಣಿದಿದೆ ಪಾಪ ಎಂದುಕೊಂಡು ನಾವು ಮನೆಗೆ ಬಂದೆವು.

ಬೆಳಿಗ್ಗೆ ಬೇಲಿಯಡಿ ನಾಯಿ ತೋಡಿದ ಗುಂಡಿಯಿತ್ತು. ದೊರೆ ಸತ್ತುಬಿದ್ದಿತ್ತು.

ಡಾಕ್ಟರು ಬಗ್ಗಿ ನೋಡಿದರು. "ನಾಯಿ ಬಾಯಿ ಹಾಕಿದ್ರೆ ಗರಿ ಕಿತ್ತು ಬರ್ತವೆ, ನವಿಲು ತಪ್ಪಿಸ್ಕೊಳ್ಳುತ್ತೆ. ಇದರಲ್ಲಿ ಒಂದೂ ಯಾಕೆ ಬಿಡಲಿಲ್ಲ?" ಗರಿ ಎತ್ತಿದಾಗ ದಾರ ಕಂಡಿತು. ಡಾಕ್ಟರು ಎದ್ದುಹೋದರು.

ಇವರನ್ನು ಚೆನ್ನಾಗಿ ಬೈಯಬೇಕೆಂದು ಹತ್ತಿರ ಹೋದೆ. ಇವರು ನೆಲದಲ್ಲಿ ಕೂತು ಗಂಟುಗಳನ್ನು ಬಿಡಿಸತೊಡಗಿದರು. ಒಂದೂ ಸಡಿಲವಾಗಲಿಲ್ಲ.

"ಕತ್ತರಿ ತರ್ತೀನಿ ರೀ. ಕತ್ತರಿಸಿಬಿಡಿ."

"ಬೇಡ," ಎಂದರು. "ಗರಿ ಹಾಳಾಗುತ್ತೆ."